ಸೀನು ತರಿಸದ ಬಿಳಿ ಕೂದಲು

ಬೆಕ್ಕಿನ ಕೂದಲಿನ ಪೊಟ್ಟಣವನ್ನು ಮೂಗಿನ ಬುಡಕ್ಕೆ ಹಿಡಿದುಕೊಂಡು ಸೂಜಿ ಸಾಹೇಬರು ಸೀನು ಬರಲಿ ಅಂತ ಕಾಯುತ್ತಿದ್ದರು. ಸೀನು ಬರಲಿಲ್ಲ.

ಮತ್ತೊಮ್ಮೆ ಉಸಿರೆಳೆದು ನೋಡಿದರು. ಊಹೂಂ.

ಇದು ಆಗುವ ಮಾತೇ ಅಲ್ಲ. ಚಿಕ್ಕಂದಿನಿಂದ ಅವರ ಮೂಗಿಗೂ ಬೆಕ್ಕಿಗೂ ಆಗಿಬರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಬೆಕ್ಕು ಮೈ ಕೊಡವಿದರೆ ಇವರು ಇಲ್ಲಿ ಸೀನುತ್ತಿದ್ದರು. ಈ ಹಳೇ ಅಂಚೆ ಭವನಕ್ಕೆ ಕಾಲಿಟ್ಟ ಎರಡು ದಿನದಿಂದ ಸೀನಿ ಸೀನಿ ಪಕ್ಕೆಲುಬು ಹಿಡಿದುಕೊಂಡಿತ್ತು. ಸ್ವಲ್ಪ ಒಳ್ಳೆಯ ಗಾಳಿ ಕುಡಿಯೋಣ ಅಂತ ಹಿಂದಿನ ಅಂಗಳಕ್ಕೆ ಬಂದು, ಕೈಗೆ ಕೆಲಸ ಬೇಕಲ್ಲ ಅಂತ ಜೇಬಿನ ಪೊಟ್ಟಣ ಬಿಚ್ಚಿದ್ದರು. ಎರಡು ದಿನದಿಂದ ಎದೆಯ ಮೇಲಿನ ಜೇಬಿನಲ್ಲೇ ಇದ್ದ ಪೊಟ್ಟಣ. ರಾತ್ರಿ ಅದೇ ಅಂಗಿಯಲ್ಲಿ ಮಲಗಿದ್ದರು. ಆದರೂ ಹೋಟೆಲಿನ ಕೋಣೆಯಲ್ಲಿ ಒಂದೇ ಒಂದು ಸೀನು ಬಂದಿರಲಿಲ್ಲ. ಅದು ಈಗ ನೆನಪಾಯಿತು.

ಸಾಹೇಬರು ಎದ್ದು, ಮಂಡಿ ಹಿಡಿದುಕೊಂಡು ಒಳಗೆ ಹೋದರು. ಒಂದನೇ ಕೌಂಟರಿನ ಮೇಲೆ, ಮಖಮಲ್ಲಿನ ದಿಂಬಿನ ಮೇಲೆ ದೊರೆ ಮಲಗಿತ್ತು. ಇಡೀ ಭವನಕ್ಕೆ ಇದ್ದ ಒಂದೇ ಬಿಳಿ ಬೆಕ್ಕು. ಪತ್ರಗಳಿಗೆ ಒತ್ತುವ ಅಂಚೆ ಮುದ್ರೆಯಲ್ಲಿ ಅದರ ಮುಖ, ಮಾರಾಟದ ಕಾರ್ಡುಗಳ ಮೇಲೆ ಅದರ ಮುಖ, ಹೊರಗಿನ ಬ್ಯಾನರಿನ ಮೇಲೆ ಎರಡಾಳೆತ್ತರ ಅದರ ಮುಖ. ಒಂದು ಸಲ ಇಲಿಮರಿಯೊಂದು ಬಾಲದ ಪಕ್ಕದಲ್ಲೇ ಹಾದುಹೋದಾಗ ದಾರಿ ಬಿಟ್ಟುಕೊಟ್ಟಿತ್ತು ಅಂತ ಗುಮಾಸ್ತರು ಈಗಲೂ ನಗುತ್ತಾರೆ.

ಸಾಹೇಬರು ದಿಂಬಿನ ಮೇಲಿಂದ ನಾಲ್ಕು ಕೂದಲು ಹೆಕ್ಕಿದರು. ಅಂಗಳಕ್ಕೆ ಬರುವಷ್ಟರಲ್ಲಿ ಆರು ಸಲ ಸೀನಿದ್ದರು.

ಹಾಗಾದರೆ ಮೂಗು ಕೆಟ್ಟಿಲ್ಲ. ಕೆಟ್ಟಿರುವುದು ಇನ್ನೇನೋ.

ಮೂರು ದಿನದ ಹಿಂದೆ ಬೆಳಗ್ಗೆ ಒಂಬತ್ತೂಕಾಲಿಗೆ, ವಿಳಾಸ ಸಿಗದ ಪತ್ರಗಳನ್ನಿಡುವ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಅಲ್ಲಿನ ಮೇಲ್ವಿಚಾರಕರು ಕತ್ತು ಮುರಿದು ಬಿದ್ದಿದ್ದರು. ಅವರ ವಾಚಿನ ಸ್ಟೀಲ್ ಚೈನಿಗೆ ಒಂದು ಚಿಟಿಕೆ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಪೊಲೀಸರು ನೋಡಿದರು, ಬರೆದುಕೊಂಡರು. ಕಾಲಿಗೆ ಬೆಕ್ಕು ಅಡ್ಡ ಬಂತು, ಎಡವಿದರು, ಬೀಳುವಾಗ ಆ ಬೆಕ್ಕನ್ನೇ ಹಿಡಿಯಲು ಹೋದರು. ಮುಗಿಯಿತು ಕತೆ.

ಮುಗಿಯದೆ ಉಳಿದದ್ದು ಸಾಹೇಬರ ತಂಗಿಯ ಪಾಡು. ಭವನದ ಹನ್ನೊಂದು ಬೆಕ್ಕುಗಳನ್ನು ನೋಡಿಕೊಳ್ಳುವವಳು ಅವಳೇ. ಹತ್ತೊಂಬತ್ತು ವರ್ಷದಿಂದ ಎಲ್ಲರ ಬಾಯಲ್ಲೂ ಬೆಕ್ಕಿನಕ್ಕ. ನೆಲಮಾಳಿಗೆಯ ಬಾಗಿಲು ಹಾಕುವುದು ಅವಳ ಕೆಲಸ. ಆ ಬಾಗಿಲು ಅವತ್ತು ತೆರೆದಿತ್ತು. ಅವಳ ಅಜಾಗರೂಕತೆಯಿಂದ ಸಾವು ಅಂತ ಕೇಸು ಹಾಕಲು ಕಾಗದ ತಯಾರಾಗಿತ್ತು. ನಾಳೆ ಸಂಜೆ ಐದರೊಳಗೆ ಬೆಕ್ಕುಗಳೆಲ್ಲ ಖಾಲಿ, ಅವಳೂ ಮೇಲಂತಸ್ತಿನ ಎರಡು ಕೋಣೆ ಬಿಡಬೇಕು ಅಂತ ಅಂಚೆ ಭವನದ ದೊಡ್ಡ ಮೇಡಂ ಸಹಿ ಹಾಕಿದ ನೋಟೀಸು ಬಾಗಿಲಿಗೆ ಅಂಟಿಸಿತ್ತು. ಇವಳ ಗಂಡ ಮದುವೆಯಾದ ಎರಡನೇ ವರ್ಷಕ್ಕೆ ಊರು ಬಿಟ್ಟವನು ತಿರುಗಿ ನೋಡಿರಲಿಲ್ಲ. ಈ ಕಟ್ಟಡ ಬಿಟ್ಟರೆ ಅವಳಿಗೆ ಇದ್ದವರು ಅಣ್ಣ ಒಬ್ಬರೇ.

ಹಾಗಂತ ಅಣ್ಣನನ್ನು ಅವಳು ಕರೆದಿರಲಿಲ್ಲ. ಪೇಪರಿನಲ್ಲಿ ಓದಿ ಇವರೇ ರೈಲು ಹತ್ತಿ ಬಂದಿದ್ದರು.

ಸಾಹೇಬರು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಕಡ್ಡಿಪೆಟ್ಟಿಗೆ ತೆಗೆದು ಮೊದಲು ದೊರೆಯ ಒಂದು ಕೂದಲಿಗೆ ಬೆಂಕಿ ತಾಗಿಸಿದರು. ಚುರ್ ಅಂತ ಸುರುಟಿ, ಕೂದಲು ಸುಟ್ಟ ವಾಸನೆ ಬಂತು. ಬೆರಳಲ್ಲಿ ಹೊಸಕಿದರೆ ಬೂದಿ.

ಆಮೇಲೆ ಪೊಟ್ಟಣದ ಕೂದಲು, ಸತ್ತವರ ವಾಚಿನಿಂದ ತೆಗೆದದ್ದು. ಅದು ಸುರುಟಲಿಲ್ಲ, ಕರಗಿತು. ಪ್ಲಾಸ್ಟಿಕ್ ಚೀಲ ಸುಟ್ಟ ನಾತ. ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ ಉಳಿಯಿತು. ಹೊಸಕಿದರೆ ಒಡೆಯಲಿಲ್ಲ, ಗಟ್ಟಿಯಾಗಿತ್ತು.

ನೈಲಾನು.

ಸಾಹೇಬರಿಗೆ ತಮ್ಮ ಮೇಲೆ ತಮಗೇ ನಗು ಬಂತು. ಈ ಕಟ್ಟಡದಲ್ಲಿ ಪ್ರತಿಯೊಬ್ಬರ ಕೋಟಿಗೂ ಕೂದಲು, ಕುರ್ಚಿಗೂ ಕೂದಲು, ಚಹಾದಲ್ಲೂ ಕೂದಲು. ಅಂಟಿನ ಲಕೋಟೆಗಳನ್ನು ಇಲಿ ತಿನ್ನುವ ಕಾಲದಿಂದ ಬೆಕ್ಕುಗಳಿಗೆ ಇಲ್ಲಿ ಹಾಜರಿ ಇದೆ. ಕಂದು ಕೂದಲು ಕಂಡರೆ ಪಾರ್ಸಲ್ ಗೋದಾಮಿನದು, ಪಟ್ಟೆ ಕಂಡರೆ ಮಾಳಿಗೆಯದು, ಬಿಳಿ ಕಂಡರೆ ದೊರೆಯದು. ಇಲ್ಲಿಯವರು ಅದಕ್ಕಿಂತ ಆಚೆ ಯೋಚನೆ ಮಾಡಿದವರೇ ಅಲ್ಲ. ಪೊಲೀಸರೂ ಅವರ ಮಾತು ಕೇಳಿ ತಲೆಯಾಡಿಸಿದ್ದರು.

ಆದರೆ ಈ ಭವನದಲ್ಲಿ ಇನ್ನೊಂದು ಬಿಳಿ ಬೆಕ್ಕಿತ್ತು. ಎರಡು ಕಾಲಿನ ಮೇಲೆ ನಿಲ್ಲುವ ಬೆಕ್ಕು. ತಲೆಗೆ ಅಂಚೆಯವರ ಟೋಪಿ ಹಾಕಿಕೊಂಡು, ಮುಂಬಾಗಿಲಲ್ಲಿ ನಿಂತು ಮಕ್ಕಳ ಕೈಕುಲುಕಿ ಫೋಟೋಕ್ಕೆ ನಿಲ್ಲುವ ವೇಷದ ಬೆಕ್ಕು.

"ಏನಣ್ಣಾ ಸುಡ್ತಾ ಇದೀಯ? ವಾಸನೆ ಒಳಗಿನವರೆಗೂ ಬಂತು."

ತಂಗಿ ಮೀನಿನ ತಲೆಗಳ ಬಕೆಟ್ಟು ಹಿಡಿದು ನಲ್ಲಿಯ ಹತ್ತಿರ ಬಂದಿದ್ದಳು. ಮೂರು ದಿನದಲ್ಲಿ ಹತ್ತು ವರ್ಷ ಜಾಸ್ತಿಯಾದವಳಂತೆ ಕಾಣುತ್ತಿದ್ದಳು.

"ಬಾ ಇಲ್ಲಿ, ಕೂತ್ಕೋ," ಅಂದರು ಸಾಹೇಬರು. "ನಿನ್ನ ದೊರೆ ಬಿಡುಗಡೆ ಆಯ್ತು. ನೀನೂ ಆದ ಹಾಗೆ."

"ಅಂದ್ರೆ?"

"ಆವತ್ತು ನೀನು ಏನು ಹೇಳ್ದೆ? ನೆಲಮಾಳಿಗೆ ಆ ಒಂಟಿಕಣ್ಣಿ ಬೆಕ್ಕಿನ ಜಾಗ, ಅದು ಅಲ್ಲಿದ್ರೆ ದೊರೆ ಮೆಟ್ಟಿಲ ಹತ್ತಿರಾನೂ ಸುಳಿಯಲ್ಲ. ಆವತ್ತು ಒಂಟಿಕಣ್ಣಿಗೆ ಕಿವಿ ಹುಣ್ಣು ಅಂತ ನೀನು ಡಾಕ್ಟರ ಹತ್ರ ಒಯ್ದಿದ್ದೆ, ಜಾಗ ಖಾಲಿ ಇತ್ತು, ಅದಕ್ಕೇ ದೊರೆ ಇಳಿದಿರಬೇಕು. ಹೌದು ತಾನೆ?"

"ಹೌದು."

"ದೊರೆ ಇಳಿದೇ ಇಲ್ಲ. ಇದು ಬೆಕ್ಕಿನ ಕೂದಲೇ ಅಲ್ಲ, ನೋಡು." ಕಪ್ಪು ಮಣಿಯನ್ನು ಅಂಗೈ ಮೇಲಿಟ್ಟು ತೋರಿಸಿದರು. "ವೇಷದ ಬಟ್ಟೇದು. ಆ ಮನುಷ್ಯ ಬೀಳೋ ಮುಂಚೆ ಎದುರಿಗಿದ್ದವರ ತೋಳು ಹಿಡ್ಕೊಂಡಿದಾನೆ. ಎದುರಿಗೆ ಆ ವೇಷ ಹಾಕಿದವನು ಇದ್ದ. ಎಡವಿ ಬಿದ್ದಿದ್ದಲ್ಲ ತಂಗಿ, ತಳ್ಳಿದಾರೆ."

ಅವಳು ಬಕೆಟ್ಟನ್ನು ಕೆಳಗಿಟ್ಟಳು. ಮಣಿಯನ್ನು ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಬಿಟ್ಟುಬಿಡಣ್ಣ."

"ಏನು ಬಿಡೋದು?"

"ಎಲ್ಲಾನೂ. ಬಾಗಿಲು ನಾನೇ ತೆಗೆದಿಟ್ಟಿದ್ದು. ತಪ್ಪು ನಂದು ಅಂತ ಬರೆದುಕೊಟ್ಟಿದೀನಿ. ಅದಾದ್ರೆ ಆಗಲಿ. ಇನ್ನೊಬ್ಬರ ಮನೆ ಹಾಳುಮಾಡಿ ನನಗೇನು ಸಿಗುತ್ತೆ?"

ಸಾಹೇಬರಿಗೆ ಕರುಳು ಚುರುಕ್ಕೆಂದಿತು. ಇವಳು ಹುಟ್ಟಿದಾಗಿನಿಂದ ಹೀಗೇ. ಶಾಲೆಯಲ್ಲಿ ಇನ್ನೊಬ್ಬಳು ಮಾಡಿದ ತಪ್ಪಿಗೆ ತಾನು ಕೈ ಚಾಚಿ ಬೆತ್ತದೇಟು ತಿಂದು ಬರುತ್ತಿದ್ದಳು. ಆಮೇಲೆ ಅಮ್ಮ ಕೇಳಿದರೆ ತುಟಿಪಿಟಕ್ ಅನ್ನುತ್ತಿರಲಿಲ್ಲ.

"ನಿನ್ನ ಒಳ್ಳೇತನಕ್ಕೆ ಮಿತಿ ಬೇಡ್ವಾ," ಅಂದರು ನಗುತ್ತಾ. "ನಾಳೆ ಐದು ಗಂಟೆಗೆ ಆ ಹನ್ನೊಂದನ್ನೂ ಗೋಣಿಗೆ ಹಾಕ್ಕೊಂಡು ಹೋಗ್ತಾರೆ. ಆಗ ಅತ್ರೆ ನಾನು ಕೇಳಲ್ಲ."

"ಒಂದೇ ಒಂದು ದಿನ ತಡಿ ಅಣ್ಣ. ನಾಳೆ ಬೆಳಗ್ಗೆ ನಾನೇ ನಿನ್ನ ಹತ್ರ ಮಾತಾಡ್ತೀನಿ."

ಆದರೆ ಸೂಜಿ ಸಾಹೇಬರ ಕೈ ಆಗಲೇ ಜೇಬಿಗೆ ಹೋಗಿತ್ತು. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಜನರ ಸುಳ್ಳಿಗೆ ಚುಚ್ಚಿ ಗಾಳಿ ಇಳಿಸಿದವರು, ನಿವೃತ್ತರಾಗಿ ಆರು ವರ್ಷ ಸುಮ್ಮನೆ ಕೂತಿದ್ದವರು. ಇಂಥ ಹೊತ್ತಲ್ಲಿ ಒಂದು ದಿನ ತಡೆಯುವುದು ಅವರ ಜಾಯಮಾನವಲ್ಲ. ಇಲ್ಲಿಯ ಇನ್ಸ್‌ಪೆಕ್ಟರ್ ಅವರ ಕೈಕೆಳಗೇ ಕೆಲಸ ಕಲಿತ ಹುಡುಗ. ಹಳೇ ಗುರುವಿನ ಮನಸ್ಸಿಗೆ ಸಮಾಧಾನವಾಗಲಿ ಅಂತ ಆ ಕೂದಲನ್ನು ಪೊಟ್ಟಣ ಕಟ್ಟಿ ಕೊಟ್ಟವನೂ ಅವನೇ.

"ಕೇಸಿನ ಕಾಗದ ಹರಿದು ಹಾಕು," ಅಂದರು ಫೋನಿನಲ್ಲಿ. "ಇದು ಕೊಲೆ. ನಿನ್ನ ಹತ್ರ ಉಳಿದ ಕೂದಲಿಗೆ ಒಂದು ಕಡ್ಡಿ ಗೀರು, ಗೊತ್ತಾಗುತ್ತೆ. ಬಂದು ವೇಷ ವಶಕ್ಕೆ ತಗೋ."

ಅರ್ಧ ಗಂಟೆಯಲ್ಲಿ ಬರುತ್ತೇನೆ ಅಂದ ಅವನು. ಫೋನಿಟ್ಟು ತಿರುಗಿ ನೋಡಿದರೆ ತಂಗಿ ಅಲ್ಲಿರಲಿಲ್ಲ. ಬಕೆಟ್ಟು ಮಾತ್ರ ಇತ್ತು. ಮೀನಿನ ವಾಸನೆಗೆ ಎರಡು ಪಟ್ಟೆ ಬೆಕ್ಕುಗಳು ಗೋಡೆ ಹಾರಿ ಬರುತ್ತಿದ್ದವು. ಸಾಹೇಬರು ಸೀನಿ, ಒಳಗೆ ನಡೆದರು.

ವೇಷ ಇಡುವುದು ಹಿಂದೆ ತಂತಿ ಕಳಿಸುತ್ತಿದ್ದ ಕೋಣೆಯಲ್ಲಿ. ತಂತಿ ನಿಂತುಹೋಗಿ ಎಷ್ಟೋ ಕಾಲವಾಯಿತು. ಮೇಜುಗಳಿಗೆ ಹೊಡೆದ ಹಿತ್ತಾಳೆಯ ನಂಬರುಗಳು ಮಾತ್ರ ಉಳಿದಿದ್ದವು. ಅದರ ಬೀಗದ ಕೈ ಎರಡು. ಒಂದು ದೊಡ್ಡ ಮೇಡಂ ಕೋಣೆಯ ಬೀರುವಿನಲ್ಲಿ. ಮೇಡಂಗೆ ಬೆಕ್ಕು ಕಂಡರಾಗದು, ಅವುಗಳನ್ನು ಓಡಿಸಲು ನೆವ ಹುಡುಕುತ್ತಿದ್ದರು. ನಿನ್ನೆಯವರೆಗೂ ಸಾಹೇಬರ ಕಣ್ಣು ಅವರ ಮೇಲೇ ಇತ್ತು. ಆದರೆ ಆವತ್ತು ಎಂಟರಿಂದ ಹತ್ತರವರೆಗೆ ಮೇಡಂ ಇಪ್ಪತ್ತು ಜನರ ಮುಂದೆ ಮೀಟಿಂಗಿನಲ್ಲಿ ಕೂತಿದ್ದರು, ಬೀರುವಿನ ಬೀಗದ ಕೈ ಅವರ ಕೈಚೀಲದಲ್ಲಿತ್ತು.

ಇನ್ನೊಂದು ಬೀಗದ ಕೈ ವೇಷ ಹಾಕುವವನ ಹತ್ತಿರ. ಅವನನ್ನು ಎಲ್ಲರೂ ಗೊಂಬೆರಾಯ ಅನ್ನುತ್ತಿದ್ದರು.

ಸಾಹೇಬರು ಬಾಗಿಲು ತಳ್ಳಿದಾಗ ಗೊಂಬೆರಾಯ ಸೊಂಟದವರೆಗೆ ಬೆಕ್ಕಾಗಿ, ಮೇಲೆ ಬನಿಯನ್ನಿನಲ್ಲಿ ಕೂತು ನೀರು ಕುಡಿಯುತ್ತಿದ್ದ. ನಲವತ್ತೈದರ ಸಣಕಲು ಮನುಷ್ಯ. ಬೆಕ್ಕಿನ ದೊಡ್ಡ ತಲೆ ಪಕ್ಕದ ಮೇಜಿನ ಮೇಲೆ ನಗುತ್ತಾ ಕೂತಿತ್ತು.

"ಬನ್ನಿ ಸಾಹೇಬ್ರೇ. ಅಕ್ಕ ಹೇಗಿದಾರೆ? ಎರಡು ದಿನದಿಂದ ಮುಖಾನೇ ತೋರಿಸ್ತಿಲ್ಲ."

"ಅವಳ ವಿಷಯ ಆಮೇಲೆ. ಆ ತೋಳು ಕೊಡು ಇಲ್ಲಿ."

"ಯಾವ ತೋಳು?"

"ವೇಷದ್ದು. ಎರಡೂ ಕೊಡು."

ಸಾಹೇಬರು ಬಿಳಿ ತೋಳುಗಳನ್ನು ಕಿಟಕಿಯ ಬೆಳಕಿಗೆ ಒಯ್ದು, ಕೂದಲನ್ನು ಎರಡೂ ಕಡೆ ಬಿಡಿಸುತ್ತಾ ಹೋದರು. ಬಲಗೈ ಸರಿಯಾಗಿತ್ತು. ಎಡಗೈಯಲ್ಲಿ, ಮಣಿಕಟ್ಟಿನ ಹತ್ತಿರ, ಕಾಸಿನಗಲದ ಜಾಗ ಬೋಳಾಗಿತ್ತು. ಬಟ್ಟೆಯೂ ಹರಿದಿತ್ತು. ಹರಿದದ್ದನ್ನು ಯಾರೋ ಒಳಗಡೆಯಿಂದ ಬಿಗಿಯಾಗಿ ಹೊಲಿದಿದ್ದರು. ಪಾರ್ಸಲ್ ಹೊಲಿಯುವ ಮೇಣದ ದಾರ. ಬಹಳ ಅಚ್ಚುಕಟ್ಟಾದ ಕೈ.

ಆ ಹೊಲಿಗೆ ನೋಡಿ ಸಾಹೇಬರಿಗೆ ಯಾಕೋ ಒಂದು ಥರ ಕಸಿವಿಸಿಯಾಯಿತು. ಯಾಕೆ ಅಂತ ತಿಳಿಯಲಿಲ್ಲ.

"ಇದು ಹರಿದದ್ದು ಯಾವಾಗ?"

"ಹರಿದಿದ್ಯಾ?" ಗೊಂಬೆರಾಯ ಎದ್ದು ಬಂದು ಇಣುಕಿದ. "ನಂಗೊತ್ತಿಲ್ಲ ಸಾಹೇಬ್ರೇ. ಒಳಗೆ ಕೈ ಹಾಕಿದ್ರೆ ಕಾಣಲ್ಲ."

"ಮೂರು ದಿನದ ಹಿಂದೆ, ಒಂಬತ್ತೂಕಾಲಿಗೆ, ಎಲ್ಲಿದ್ದೆ?"

"ಬಾಗಿಲಲ್ಲೇ. ಶಾಲೆ ಮಕ್ಕಳು ಬಂದಿದ್ರಲ್ಲ."

"ಎಂಟೂ ಮುಕ್ಕಾಲಿಗೆ ಬಂದ್ರು, ಒಂಬತ್ತಕ್ಕೆ ಮೇಷ್ಟ್ರು ಅವರನ್ನ ಒಳಗೆ ಕರ್ಕೊಂಡು ಹೋದ್ರು. ಆಮೇಲೆ ಒಂಬತ್ತೂವರೆವರೆಗೆ ಬಾಗಿಲಲ್ಲಿ ಬೆಕ್ಕು ಇರಲಿಲ್ಲ ಅಂತ ಕಾವಲಿನವನು ಹೇಳ್ತಾನೆ. ಆ ಅರ್ಧ ಗಂಟೆ ಬೆಕ್ಕು ಎಲ್ಲಿಗೆ ಹೋಗಿತ್ತು?"

ಗೊಂಬೆರಾಯ ಲೋಟ ಕೆಳಗಿಟ್ಟ.

"ನೀರು ಕುಡಿಯೋಕೆ ಬಂದಿರ್ತೀನಿ."

"ಬಂದಿರ್ತೀಯಾ, ಬಂದಿದ್ಯಾ?"

"ಬಂದಿದ್ದೆ."

"ಆವತ್ತು ಬಂದ ಮಕ್ಕಳಲ್ಲಿ ಒಬ್ಬಳು ಬೆಕ್ಕಿನ ಮುಂದೆ ವಾಂತಿ ಮಾಡ್ಕೊಂಡ್ಳು. ಗಲಾಟೆ ಆಯ್ತು, ಕಾವಲಿನವನು ಮರಳು ತಂದು ಹಾಕ್ದ. ಹೌದಾ?"

"ಹೂಂ, ಹೌದು. ಪಾಪ ಮಗು."

"ಯಾರೂ ವಾಂತಿ ಮಾಡ್ಕೊಳ್ಳಲಿಲ್ಲ," ಅಂದರು ಸಾಹೇಬರು ಮೆತ್ತಗೆ. "ಈಗ ನಾನು ಕಟ್ಟಿದ ಮಾತು ಅದು. ನೀನು ಅಲ್ಲಿರಲೇ ಇಲ್ಲ."

ಗೊಂಬೆರಾಯನ ಮುಖ ಸುಣ್ಣದಂತಾಯಿತು. ಕಾಲಿಗೆ ಹಾಕಿದ್ದ ಬೆಕ್ಕಿನ ಪಂಜಗಳನ್ನೇ ನೋಡುತ್ತಾ ಕೂತ. ಸೂಜಿ ಚುಚ್ಚಿದ ಮೇಲೆ ಒತ್ತಬಾರದು, ಗಾಳಿ ತಾನೇ ಬರುತ್ತದೆ.

"ಕೆಲಸದಿಂದ ತೆಗೆದುಹಾಕ್ತಾರೆ ಸಾಹೇಬ್ರೇ. ಬೇರೆ ಕಡೆ ವೇಷ ಹಾಕಬಾರದು ಅಂತ ಬರೆಸ್ಕೊಂಡಿದಾರೆ."

"ಕೆಲಸದ ಮಾತು ಬಿಡು. ಇದು ಕುತ್ತಿಗೆಗೆ ಬರೋ ವಿಷಯ. ಎಲ್ಲಿದ್ದೆ?"

"ನದಿ ಆಚೆ ಒಂದು ಚಪ್ಪಲಿ ಅಂಗಡಿ ಶುರುವಾಯ್ತು. ಅಲ್ಲಿ ಕರಡಿ ಆಗಿದ್ದೆ. ಬೆಳಗ್ಗೆ ಎಂಟರಿಂದ ಹನ್ನೊಂದು. ಮಗಳಿಗೆ ಕನ್ನಡಕ ಬೇಕಿತ್ತು."

"ಅಲ್ಲಿ ಯಾರು ನೋಡಿದಾರೆ ನಿನ್ನ?"

ಗೊಂಬೆರಾಯ ನಗಲು ನೋಡಿದ, ಆಗಲಿಲ್ಲ. "ಕರಡೀನ ನೋಡಿದೋರು ಇನ್ನೂರು ಜನ ಇದಾರೆ. ನನ್ನನ್ನ ನೋಡಿದೋರು ಯಾರೂ ಇಲ್ಲ. ಗಾಡೀಲೇ ಹಾಕ್ಕೊಂಡೆ, ಗಾಡೀಲೇ ಬಿಚ್ಚಿದೆ. ಗಾಡಿಯವನು ನನ್ನ ಹೆಸರೂ ಕೇಳಲಿಲ್ಲ. ನಮ್ಮ ಕೆಲಸಾನೇ ಹಾಗಲ್ವಾ. ಒಳಗೆ ಯಾರಿದಾರೆ ಅಂತ ಜನಕ್ಕೆ ಗೊತ್ತಾದ್ರೆ ಆಟ ಕೆಡುತ್ತೆ."

ಇದನ್ನು ಕಟ್ಟಿ ಹೇಳುವುದು ಕಷ್ಟ ಅನ್ನಿಸಿತು ಸಾಹೇಬರಿಗೆ. ಸುಳ್ಳು ಹೇಳುವವನು ಸಾಕ್ಷಿ ಇರುವ ಸುಳ್ಳು ಹುಡುಕುತ್ತಾನೆ. ಇವನು ಹೇಳಿದ್ದು ತನಗೇ ಮುಳುವಾಗುವಂಥ ಮಾತು.

"ಸರಿ. ನೀನು ನದಿ ಆಚೆ ಕರಡಿಯಾಗಿದ್ದೆ. ಎಂಟೂ ಮುಕ್ಕಾಲಿಗೆ ಇಲ್ಲಿ ಮಕ್ಕಳ ಕೈಕುಲುಕಿದ ಬೆಕ್ಕು ಯಾರು?"

ಗೊಂಬೆರಾಯ ಮೇಜಿನ ಮೇಲಿದ್ದ ಬೆಕ್ಕಿನ ತಲೆಯ ಟೋಪಿ ಸರಿಮಾಡಿದ.

"ಬೀಗದ ಕೈ ಯಾರಿಗೆ ಕೊಟ್ಟೆ?"

"ಅವರನ್ನ ಇದಕ್ಕೆ ಎಳೀಬೇಡಿ ಸಾಹೇಬ್ರೇ. ಉಪಕಾರ ಮಾಡೋಕೆ ಬಂದೋರು."

"ಹೆಸರು ಹೇಳು. ಇನ್ನು ಹತ್ತು ನಿಮಿಷಕ್ಕೆ ಪೊಲೀಸರು ಬರ್ತಾರೆ. ವೇಷ ನಿಂದು, ಹರಿದಿರೋದು ನಿನ್ನ ತೋಳು, ನೀನೆಲ್ಲಿದ್ದೆ ಅನ್ನೋದಕ್ಕೆ ಸಾಕ್ಷಿ ಇಲ್ಲ. ನಿನ್ನ ಮಗಳು ಹೊಸ ಕನ್ನಡಕ ಹಾಕ್ಕೊಂಡು ಜೈಲಿನ ಕಂಬಿ ನೋಡಬೇಕಾಗುತ್ತೆ. ಹೇಳಿಬಿಡು, ನಾನಿದೀನಿ. ನೀನು ನಿಜ ಹೇಳಿದ್ರೆ ನಿನ್ನ ಕೂದಲೂ ಕೊಂಕದ ಹಾಗೆ ನೋಡ್ಕೋತೀನಿ. ಮಾತು ಕೊಡ್ತಿದೀನಿ."

ಗೊಂಬೆರಾಯ ತಲೆಯೆತ್ತಿ ಅವರ ಮುಖ ನೋಡಿದ.

"ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?"

"ಏನು?"

"ಅಕ್ಕ, ಸಾಹೇಬ್ರೇ. ನಿಮ್ಮ ತಂಗೀನೇ. ಮಕ್ಕಳು ಬರ್ತಾರೆ, ಬೆಕ್ಕಿಲ್ದೆ ನಿರಾಸೆ ಮಾಡ್ಕೋತಾರೆ ಅಂತ ನಾನು ಪೇಚಾಡ್ತಿದ್ದೆ. ಮೂರು ಗಂಟೆ ತಾನೆ, ನಾನು ಹಾಕ್ಕೊಂಡು ನಿಂತ್ಕೋತೀನಿ, ನೀನು ಹೋಗಿ ಬಾ ಅಂದ್ರು. ಬೀಗದ ಕೈ ಅವರ ಕೈಲಿ ಕೊಟ್ಟು ಹೋದೆ."

ಸಾಹೇಬರ ಕೈಯಲ್ಲಿ ಇನ್ನೂ ಆ ತೋಳಿತ್ತು. ಅದನ್ನು ಮತ್ತೆ ತಿರುಗಿಸಿ ನೋಡಿದರು. ಹೊಲಿಗೆ ಮುಗಿದಲ್ಲಿ ದಾರವನ್ನು ಎರಡು ಸುತ್ತು ಹಾಕಿ, ಗಂಟನ್ನು ಬಟ್ಟೆಯ ಒಳಕ್ಕೆ ಎಳೆದು ಅಡಗಿಸಿತ್ತು. ಗಂಟು ಕಣ್ಣಿಗೆ ಕಾಣಬಾರದು ಅಂತ ಅಮ್ಮ ಇಬ್ಬರ ಕೈಗೂ ಸೂಜಿ ಕೊಟ್ಟು, ತಪ್ಪಿದರೆ ಬಿಚ್ಚಿಸಿ, ಮತ್ತೆ ಹಾಕಿಸಿ ಕಲಿಸಿದ್ದಳು. ಅವರ ಅಂಗಿಯ ಗುಂಡಿಗಳೂ ಇವತ್ತಿನವರೆಗೆ ಹಾಗೇ ನಿಂತಿದ್ದವು.

ಸಾಹೇಬರು ಹೊಲಿಗೆಯನ್ನು ಒಳಮಗ್ಗುಲಿಗೆ ಮಡಚಿ ಹಿಡಿದರು.

ಬೆಕ್ಕಿನ ಡಾಕ್ಟರನ್ನು ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಿರಲಿಲ್ಲ, ಅವರಿಗೆ ಅದು ಅಪಘಾತ. ಇವರೂ ಕೇಳಿರಲಿಲ್ಲ. ದೊಡ್ಡ ಮೇಡಂ ಎಲ್ಲಿದ್ದರು, ಕಾವಲಿನವನು ಎಲ್ಲಿದ್ದ, ಚಹಾ ತರುವವಳು ಎಲ್ಲಿದ್ದಳು ಅಂತ ಎರಡು ದಿನ ಊರೆಲ್ಲ ಅಲೆದಿದ್ದರು. ಒಡಹುಟ್ಟಿದವಳು ಹೇಳಿದ ಒಂದೇ ಒಂದು ಮಾತನ್ನು ಸರಿಯೋ ತಪ್ಪೋ ಅಂತ ನೋಡಬೇಕು ಅನ್ನುವುದು ಹೊಳೆದೇ ಇರಲಿಲ್ಲ. ಕೈಕೆಳಗಿನ ಹುಡುಗರು ಇಂಥ ತಪ್ಪು ಮಾಡಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದರು.

"ಅವಳಿಗೂ ಆ ಮೇಲ್ವಿಚಾರಕರಿಗೂ ಏನಾದ್ರೂ ಮನಸ್ತಾಪ ಇತ್ತಾ?"

"ಹನ್ನೊಂದು ವರ್ಷ ದಿನಾ ಒಟ್ಟಿಗೆ ಕೂತು ಚಹಾ ಕುಡೀತಿದ್ರು. ಒಂದು ತಿಂಗಳಿಂದ ಮಾತೇ ಬಿಟ್ಟಿದ್ರು. ಅವರು ನೆಲಮಾಳಿಗೆಯಿಂದ ಅಕ್ಕನ ಹೆಸರಿಗೇ ಬಂದಿದ್ದ ಏನೋ ಹಳೇ ಕಾಗದ ತಂದು ಅಕ್ಕನ ಕೈಗೆ ಕೊಟ್ಟಿದ್ದು ನಾನು ನೋಡಿದೆ. ಆವತ್ತಿಂದ ಹೀಗೆ. ಕೇಳಿದ್ರೆ ಏನಿಲ್ಲ ಅಂತಾರೆ."

"ನೀನು ಇದನ್ನ ಯಾರಿಗಾದ್ರೂ ಹೇಳಿದೀಯಾ?"

"ಯಾರು ಕೇಳಿದ್ರು ಸಾಹೇಬ್ರೇ? ಬೆಕ್ಕು ಅಡ್ಡ ಬಂತು ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಅಕ್ಕ ಡಾಕ್ಟರ ಹತ್ರ ಹೋಗಿದ್ದೆ ಅಂತ ಹೇಳಿದ್ದು ಕೇಳಿ, ಅಯ್ಯೋ ನನ್ನ ಕೆಲಸ ಉಳಿಸೋಕೆ ಸುಳ್ಳು ಹೇಳ್ತಿದಾರಲ್ಲ ಅಂತ ಕಣ್ಣಲ್ಲಿ ನೀರು ಬಂತು."

ಆ ಮಾತನ್ನು ಸಾಹೇಬರು ಗಟ್ಟಿಯಾಗಿ ಹಿಡಿದುಕೊಂಡರು. ಹೌದು. ಅವಳ ಸ್ವಭಾವವೇ ಅದು. ಇವನ ಕೆಲಸ ಉಳಿಸಲು ಸುಳ್ಳು ಹೇಳಿರಬಹುದು, ಅಷ್ಟೇ ಇರಬಹುದು. ಆದರೆ ಸತ್ತವನ ವಾಚಿಗೆ ಸಿಕ್ಕಿಕೊಂಡ ಕೂದಲು ಯಾರ ಕೆಲಸ ಉಳಿಸಲೂ ಬಂದದ್ದಲ್ಲ. ಹರಿದ ತೋಳನ್ನು ಅಷ್ಟು ಅಚ್ಚುಕಟ್ಟಾಗಿ, ಯಾರಿಗೂ ಹೇಳದೆ ಹೊಲಿದಿಟ್ಟದ್ದೂ ಅಲ್ಲ. ಸಾಹೇಬರು ಯಾವ ಕಡೆಯಿಂದ ತಿರುಗಿಸಿದರೂ ಅದು ಅವಳ ಕಡೆಗೇ ನಿಲ್ಲುತ್ತಿತ್ತು.

ಇದನ್ನು ಅಪಘಾತ ಅಂತ ಬಿಟ್ಟಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ತನ್ನ ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಒಂದು ದಿನ ತಡಿ ಅಂತ ಬೇಡಿಕೊಂಡಳು. ತಡೆಯದೆ, ಅವಳ ಕಣ್ಣೆದುರಿಗೇ, ಕೊಲೆ ಅಂತ ಫೋನು ಮಾಡಿದವರು ತಾವೇ.

ಹೊರಗೆ ಬೂಟಿನ ಸದ್ದು ಕೇಳಿಸಿತು. ಒಂದಲ್ಲ, ಮೂರು ಜೊತೆ.

"ಇಲ್ಲೇ ಇದೀರಾ ಸರ್," ಅಂದುಕೊಂಡೇ ಇನ್ಸ್‌ಪೆಕ್ಟರ್ ಒಳಗೆ ಬಂದ. ಹಿಂದೆ ಇಬ್ಬರು ಪೇದೆಗಳು. ಅವನ ಮುಖ ಅರಳಿತ್ತು. "ನೀವು ಹೇಳಿದ ಹಾಗೇ ಸುಟ್ಟು ನೋಡಿದೆ. ಕರಗಿಹೋಯ್ತು. ನಾಚಿಕೆ ಆಯ್ತು ಸರ್, ಇಷ್ಟು ಸಣ್ಣ ವಿಷಯ ನಮಗೆ ಹೊಳೀಲಿಲ್ಲ. ನೀವು ಬರದೇ ಇದ್ದಿದ್ರೆ ಪಾಪ ನಿಮ್ಮ ತಂಗಿ ತಲೆಗೆ ಕಟ್ಟಿಬಿಡ್ತಿದ್ವಿ."

ಸಾಹೇಬರ ಕೈಯಿಂದ ಅವನು ತೋಳನ್ನು ತೆಗೆದುಕೊಂಡ. ಬೋಳಾದ ಜಾಗ ಕಂಡು ಪೇದೆಗಳ ಕಡೆ ತಿರುಗಿ ಹುಬ್ಬೇರಿಸಿದ.

"ಈ ವೇಷ ನಿಂದು ತಾನೆ?"

"ಹೌದು ಸರ್," ಅಂದ ಗೊಂಬೆರಾಯ.

"ಬೀಗದ ಕೈ?"

"ನನ್ನ ಹತ್ರಾನೇ ಇರುತ್ತೆ ಸರ್. ಆದ್ರೆ ಆವತ್ತು ವೇಷ ಹಾಕಿದ್ದು ನಾನಲ್ಲ. ಬೇರೆ ಕಡೆ ಹೋಗಿದ್ದೆ."

"ಬೇರೆ ಕಡೆ ಅಂದ್ರೆ? ನೋಡಿದವರು ಯಾರು?"

"ಯಾರೂ ಇಲ್ಲ ಸರ್."

ಇಬ್ಬರು ಪೇದೆಗಳಲ್ಲಿ ಒಬ್ಬ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ಪುಸ್ತಕ ತೆರೆದ. ಅದನ್ನು ಹಿಡಿಯುವ ರೀತಿ, ಪೆನ್ನಿನ ಕ್ಯಾಪನ್ನು ಹಲ್ಲಲ್ಲಿ ಕಚ್ಚಿ ತೆಗೆಯುವ ರೀತಿ, ಎಲ್ಲವೂ ಗುರುವಿನದೇ. ಕೇಳಿದ್ದನ್ನು ಅಲ್ಲೇ ಬರೀ, ಬರೆದದ್ದನ್ನು ಹೊಡೆದುಹಾಕಬೇಡ ಅಂತ ಇವರೇ ಹೇಳಿಕೊಟ್ಟಿದ್ದರು. ಮೂವತ್ತೊಂದು ವರ್ಷದಲ್ಲಿ ಇವರು ಒಂದು ಸಾಲನ್ನೂ ಹೊಡೆದುಹಾಕಿರಲಿಲ್ಲ. ಅದೊಂದೇ ಅವರು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ ಆಸ್ತಿ.

"ಹಾಗಾದ್ರೆ ಯಾರು ಹಾಕಿದ್ರು?"

ಗೊಂಬೆರಾಯ ಹೆದರಲಿಲ್ಲ. ಅಂಥ ಹೊತ್ತಲ್ಲೂ ಅವನ ಮುಖದಲ್ಲಿ ಒಂದು ನಿರಾಳ ಇತ್ತು. ಸಾಹೇಬರು ಮಾತು ಕೊಟ್ಟಿದ್ದರಲ್ಲ.

"ಎಲ್ಲಾ ಸಾಹೇಬ್ರಿಗೆ ಹೇಳಿದೀನಿ ಸರ್. ಅವರನ್ನೇ ಕೇಳಿ. ನಾನು ಹೇಳಿದ್ರೆ ನೀವು ನಂಬೋದು ಕಷ್ಟ. ಅವರು ಹೇಳಿದ್ರೆ ನಂಬ್ತೀರ."

ಇನ್ಸ್‌ಪೆಕ್ಟರ್ ಸಾಹೇಬರ ಕಡೆ ತಿರುಗಿದ. ಪೇದೆಗಳೂ ತಿರುಗಿದರು. ಗೊಂಬೆರಾಯ ಇವರಿಗೆ ಮಾತಾಡಲು ಜಾಗ ಮಾಡಿಕೊಟ್ಟವನಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

"ಇವನು ನಿಮ್ಮ ಹತ್ರ ಯಾರ ಹೆಸರಾದ್ರೂ ಹೇಳಿದ್ನಾ ಸರ್?"

ಸೂಜಿ ಸಾಹೇಬರು ಗೊಂಬೆರಾಯನನ್ನು ನೋಡಲಿಲ್ಲ. ನೋಡಿದ್ದರೆ ಬೇರೆ ಮಾತು ಬರುತ್ತಿತ್ತು ಅಂತ ಅವರಿಗೆ ಗೊತ್ತಿತ್ತು.

"ಇಲ್ಲ," ಅಂದರು.